16ನೇ ಸ್ಥಾನಕ್ಕೂ ಒಂದು ಪಾಯಿಂಟ್ ಇದೆ

ಮೊದಲು ಒಂದು ಪ್ರಶ್ನೆ. ನಿಮ್ಮ ಕಾಲೇಜಿನ ಹುಡುಗಿಯೊಬ್ಬಳು ಈಜು ಸ್ಪರ್ಧೆಯಲ್ಲಿ 16ನೇ ಸ್ಥಾನ ಬಂದ್ರೆ, ನೋಟಿಸ್ ಬೋರ್ಡ್ ಮೇಲೆ ಅವಳ ಹೆಸರು ಹಾಕ್ತಾರಾ? ಹಾಕಲ್ಲ ಅಲ್ವಾ? ಆ 16ನೇ ಸ್ಥಾನವನ್ನೂ ಲೆಕ್ಕಕ್ಕೆ ತಗೊಂಡು ಗೆದ್ದ ತಂಡದ ಕಥೆ ಇವತ್ತು. ಕೊನೇವರೆಗೂ ಓದಿ.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮಹಿಳಾ ಈಜು ಮತ್ತು ಡೈವಿಂಗ್ ತಂಡ. ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಎನ್‌ಸಿಎಎ ಚಾಂಪಿಯನ್‌ಶಿಪ್. 2021ರಿಂದ 2025ರವರೆಗೆ ಐದಕ್ಕೆ ಐದೂ ಇವರದ್ದೇ. ಇದಕ್ಕೂ ಮುಂಚೆ ಸತತ ಐದು ಸಲ ಗೆದ್ದಿದ್ದು ಟೆಕ್ಸಾಸ್ (1984–88) ಮತ್ತು ಸ್ಟ್ಯಾನ್‌ಫರ್ಡ್ (1992–96) ಮಾತ್ರ.

ಇಂಥ ದಾಖಲೆ ಕಂಡ ತಕ್ಷಣ ನಾವು ಏನ್ ಮಾಡ್ತೀವಿ? ಸ್ಟಾರ್ ಯಾರು ಅಂತ ಹುಡುಕ್ತೀವಿ. ಸ್ಟಾರ್ ಇದ್ದಾಳೆ, ಗ್ರೆಚನ್ ವಾಲ್ಷ್. 2024ರ ಕೂಟದಲ್ಲಿ 100 ಗಜದ ಫ್ರೀಸ್ಟೈಲನ್ನ 44.83 ಸೆಕೆಂಡಲ್ಲಿ ಮುಗಿಸಿ, 45 ಸೆಕೆಂಡಿನ ಒಳಗೆ ಈಜಿದ ಮೊದಲ ಮಹಿಳೆ ಆದಳು. ಮೂರು ವೈಯಕ್ತಿಕ ಸ್ಪರ್ಧೆಗೆ ಇಳಿದಳು, ಮೂರೂ ಗೆದ್ದಳು.

ಈಗ ಲೆಕ್ಕ ಹಾಕೋಣ. ಮೊದಲ ಸ್ಥಾನಕ್ಕೆ 20 ಪಾಯಿಂಟ್, ಎರಡಕ್ಕೆ 17, ಮೂರಕ್ಕೆ 16, ಹೀಗೇ ಇಳೀತಾ 16ನೇ ಸ್ಥಾನಕ್ಕೆ 1. ಒಬ್ಬರಿಗೆ ಮೂರೇ ವೈಯಕ್ತಿಕ ಸ್ಪರ್ಧೆ ಅಂತ ನಿಯಮ. ಅಂದ್ರೆ ಎಂಥಾ ಸ್ಟಾರ್ ಆದ್ರೂ ಒಬ್ಬಳೇ ತರೋಕೆ ಆಗೋದು 60 ಪಾಯಿಂಟ್. ಆ ವರ್ಷ ವರ್ಜೀನಿಯಾ ಗಳಿಸಿದ್ದು 527.5. ಎರಡನೇ ಸ್ಥಾನದ ಟೆಕ್ಸಾಸ್ 441. ಗ್ರೆಚನ್‌ಳ ಆ 60 ಕಳೆದು ನೋಡಿ, 467.5 ಉಳಿಯುತ್ತೆ. ಆಗ್ಲೂ ಟೆಕ್ಸಾಸ್‌ಗಿಂತ ಜಾಸ್ತಿನೇ!

ಉಳಿದಿದ್ದು ಎಲ್ಲಿಂದ ಬಂತು? ರಿಲೇ ಗೆದ್ರೆ 40, ಆದ್ರೆ ಅದಕ್ಕೆ ನಾಲ್ಕು ಜನ ಬೇಕು. ಐದನೇ, ಒಂಬತ್ತನೇ, ಹದಿನಾಲ್ಕನೇ ಸ್ಥಾನ ಬಂದವರೂ ಬೇಕು. ಡೈವಿಂಗ್‌ನ ಮೂರು ಸ್ಪರ್ಧೆಗಳಿಗೂ ಇದೇ ಪಾಯಿಂಟು. ಒಂದೇ ಒಂದು ಲ್ಯಾಪ್ ಈಜದೆ ಹಲಗೆ ಮೇಲಿಂದ ಹಾರುವವಳು ತಂದಿದ್ದೂ ಇದೇ ಮೊತ್ತಕ್ಕೆ ಸೇರುತ್ತೆ. ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ಇದಕ್ಕೇ.

ಇದೇನು ರಾತ್ರೋರಾತ್ರಿ ಆಗಿದ್ದೂ ಅಲ್ಲ. ಈ ವಿಶ್ವವಿದ್ಯಾಲಯ ಶುರುವಾಗಿದ್ದು 1819ರಲ್ಲಿ. ಅದರ ಮುಖ್ಯ ಪದವಿ ಕಾಲೇಜಿಗೆ ಹುಡುಗರಷ್ಟೇ ಸಲೀಸಾಗಿ ಹುಡುಗಿಯರನ್ನ ಸೇರಿಸಿಕೊಳ್ಳೋಕೆ 1972 ಆಗಬೇಕಾಯ್ತು, ಅದೂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯೋ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡೋ ಹಾಗಿಲ್ಲ ಅಂತು. ಆದರೂ ಎನ್‌ಸಿಎಎ ಮಹಿಳೆಯರಿಗೆ ಈಜು ಚಾಂಪಿಯನ್‌ಶಿಪ್ ಶುರು ಮಾಡಿದ್ದು 1982ರಲ್ಲಿ. ಕೋಚ್ ಟಾಡ್ ಡಿಸೋರ್ಬೊ ವರ್ಜೀನಿಯಾಕ್ಕೆ ಬಂದಿದ್ದು 2017ರಲ್ಲಿ, ಮೊದಲ ಕಪ್ ಬಂದಿದ್ದು ನಾಲ್ಕು ವರ್ಷ ಆದ್ಮೇಲೆ.

"ಸ್ಪೋರ್ಟ್ಸ್ ಅಂತ ಓಡಾಡಿದ್ರೆ ಓದು ಹಾಳು" ಅನ್ನೋರಿಗೆ ಕೇಟ್ ಡಗ್ಲಸ್ ಹೆಸರು ಹೇಳಿ. ಇದೇ ತಂಡದವಳು, ಓದಿದ್ದು ಸಂಖ್ಯಾಶಾಸ್ತ್ರ. ಆಗ ಅಲ್ಲಿ ಗಣಿತದ ಪ್ರೊಫೆಸರ್ ಆಗಿದ್ದ ಕೆನ್ ಓನೊ (ನಮ್ಮ ರಾಮಾನುಜನ್ ಗಣಿತದ ಮೇಲೆ ಕೆಲಸ ಮಾಡಿದವರು) ಈಜುಗಾರ್ತಿಯರ ಮೈಗೆ ಸೆನ್ಸರ್ ಕಟ್ಟಿ, ಎಲ್ಲಿ ವೇಗ ಸೋರಿಹೋಗ್ತಿದೆ ಅಂತ ಲೆಕ್ಕ ಹಾಕಿದ್ರು. ಆ ಕೆಲಸದ ಲೇಖನಕ್ಕೆ ಕೇಟ್ ಸಹಲೇಖಕಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನವೂ ಅವಳದ್ದೇ.

ಅದೇ ಪ್ಯಾರಿಸ್‌ನಲ್ಲಿ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಘು ಕೂಡ ಈಜಿದಳು. ವಯಸ್ಸು 14. ಅವಳಿಗಿಂತ ಮುಂಚೆ 2000ದಲ್ಲಿ ಸಿಡ್ನಿಗೆ ನಿಶಾ ಮಿಲ್ಲೆಟ್, 2004ರಲ್ಲಿ ಅಥೆನ್ಸ್‌ಗೆ ಶಿಖಾ ಟಂಡನ್ ಹೋಗಿದ್ದು ಇದೇ ಊರಿಂದ. ಹಾಗಾಗಿ ಪ್ರತಿಭೆ ಇಲ್ಲ ಅನ್ನೋ ಮಾತು ಬೇಡ. ನಮಗೆ ಕಮ್ಮಿ ಇರೋದು, ಅಂಥ ಒಬ್ಬಳ ಜೊತೆ ದಿನಾ ಬೆಳಗ್ಗೆ ನೀರಿಗಿಳಿಯೋ ಇನ್ನೂ ಹದಿನೈದು ಜನ. ಎಸ್ಸೆಸ್ಸೆಲ್ಸಿ ಬಂತು, ಪಿಯುಸಿ ಬಂತು, ನೀಟ್ ಬಂತು ಅಂತ ಪೂಲ್ ಬಿಡಿಸೋದು ಆ ಹದಿನೈದು ಜನರನ್ನೇ. "ನೀನೇನು ಒಲಿಂಪಿಕ್ಸ್‌ಗೆ ಹೋಗ್ತೀಯಾ?" ಅಂತ ಒಂದು ಮಾತು ಕೇಳಿದ್ರೆ ಸಾಕು, ಟೋಪಿ ಕನ್ನಡಕ ಅಟ್ಟ ಸೇರುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ಕಾಲೇಜು ತಂಡ ಇರಬೇಕಾದ್ದು ಒಲಿಂಪಿಕ್ಸ್‌ಗೆ ಹೋಗದೇ ಇರೋರಿಗೂ ಸೇರಿಸಿ. ಅವರು ಉಳಿದ್ರೇನೇ ಹೋಗೋಳಿಗೂ ದಿನಾ ಪೈಪೋಟಿ ಸಿಗೋದು, ರಿಲೇಗೆ ನಾಲ್ಕು ಜನ ಸಿಗೋದು.

ನಾಳೆ ಕಾಲೇಜಿಗೆ ಹೋದಾಗ ಪಿಇಡಿ ಸರ್ ಅಥವಾ ಮೇಡಂ ಹತ್ರ ಎರಡೇ ಪ್ರಶ್ನೆ ಕೇಳಿ: ನಮ್ಮಲ್ಲಿ ಹುಡುಗಿಯರ ಈಜು ತಂಡ ಇದೆಯಾ? ಇದ್ರೆ ಎಷ್ಟು ಜನ? ಸಿಕ್ಕ ಉತ್ತರವನ್ನ ಕಾಮೆಂಟಲ್ಲಿ ಹಾಕಿ. ಈಜು ಬಿಟ್ಟ ಗೆಳತಿ ಇದ್ರೆ ಅವಳನ್ನೂ ಟ್ಯಾಗ್ ಮಾಡಿ.

#ಈಜು #ಕಾಲೇಜುಕ್ರೀಡೆ #ಹುಡುಗಿಯರತಂಡ