ಬಾಲಚರ ದಳವೂ ನಮ್ಮ ಹೆಣ್ಣುಮಕ್ಕಳೂ

ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕನ್ನಡ ನಾಡಿನ ತೆಂಕಣ ಅಂಚಿನಲ್ಲಿ, ಮದ್ದೂರೆಂಬ ಊರುಂಟು. ಅದರಾಚೆಗೆ ಬಂಡೀಪುರದ ಕಾಡು, ಕಾಡಿನಾಚೆಗೆ ಕೇರಳ. 2009ನೆಯ ಇಸವಿಯಿಂದ ರಾತ್ರಿ ಒಂಬತ್ತು ಗಂಟೆಗೆ ಮುಚ್ಚಿದ ಈ ದಾರಿಯು ಬೆಳಗಿನ ಆರಕ್ಕೆ ತೆರೆಯುತ್ತದೆ. ಇಲ್ಲಿಯ ಹೊಲಗಳಿಗೆ ಆನೆಗಳು ಕರೆಯದೆ ಬರುವ ಅತಿಥಿಗಳು. ಇಂಥ ಸೀಮೆಯ ಮಕ್ಕಳಿಗೆ ಧೈರ್ಯವನ್ನಾಗಲಿ ಸಮಯಸ್ಫೂರ್ತಿಯನ್ನಾಗಲಿ ಪುಸ್ತಕದಿಂದ ಕಲಿಸಬೇಕಾದುದಿಲ್ಲವೆಂದು ನಮ್ಮ ವಾಚಕರು ಭಾವಿಸಿದರೆ ತಪ್ಪಾಗದು.

ಈಚೆಗೆ ಒಂದು ಗಣರಾಜ್ಯೋತ್ಸವದ ದಿನ ಆ ಕಡೆಯ ಒಂದು ಶಾಲೆಗೆ ಹೋಗುವ ಪ್ರಸಂಗವು ನಮಗೆ ಒದಗಿತು. ಹುಡುಗರು ಕೊರಳವಸ್ತ್ರ ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಸಾಲಾಗಿ ನಡೆದು ಬಂದು ಧ್ವಜಕ್ಕೆ ವಂದಿಸಿದರು. ಹಗ್ಗಗಳನ್ನು ತಂದು ಬಗೆಬಗೆಯ ಗಂಟುಗಳನ್ನು ಹಾಕಿ ತೋರಿಸಿದರು. ನೋಡಿ ಸಂತೋಷವಾಯಿತು. ಅದೇ ವಯಸ್ಸಿನ ಹುಡುಗಿಯರು ಎಲ್ಲಿದ್ದರು? ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಬಳಿಕ ಸ್ವಾಗತಗೀತೆ ಹಾಡಿ ಬಂದವರಿಗೆ ಪಾನಕ ಹಂಚಿದರು. ನಮಗೆ ಲೋಟ ಕೊಟ್ಟ ಹುಡುಗಿಯನ್ನು, “ಏನಮ್ಮಾ, ಆ ಗಂಟು ನಿನಗೆ ಬರುತ್ತದೆಯೆ?” ಎಂದು ವಿನೋದಕ್ಕೆ ಕೇಳಿದೆವು. ಅವಳು ತಲೆಯೆತ್ತದೆಯೇ ಹೇಳಿದಳು: “ಆ ಗಂಟು ನಂಗ ಮೊದಲೇ ಗೊತ್ತು ಸಾ. ಕರ ಕಟ್ಟೋದು ಅದರಲ್ಲೇಯ.”

ಮುಖ್ಯೋಪಾಧ್ಯಾಯರನ್ನು ವಿಚಾರಿಸಿದೆವು. ಸಜ್ಜನರು, ಅವರಲ್ಲಿ ದುರಾಗ್ರಹವೇನೂ ಕಾಣಲಿಲ್ಲ. “ಹುಡುಗರಿಗೆ ಸ್ಕೌಟ್, ಹುಡುಗಿಯರಿಗೆ ಗೈಡ್, ಗೈಡ್ ದಳ ನಡೆಸಲು ತರಬೇತಾದ ಉಪಾಧ್ಯಾಯಿನಿ ನಮ್ಮಲ್ಲಿಲ್ಲ. ಇರುವುದು ಒಬ್ಬ ಸ್ಕೌಟ್ ಮಾಸ್ತರರು. ಏನು ಮಾಡೋಣ?” ಎಂದರು. ಅವರ ‘ಏನು ಮಾಡೋಣ?’ ಎಂಬ ಪ್ರಶ್ನೆಗೆ ಉತ್ತರ ಕೊಡಲಿಕ್ಕಾಗಿಯೇ ಇಂದಿನ ಈ ಬರಹ. ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಗೈಡ್ ದಳವಿಲ್ಲದ ಕಡೆಯಲ್ಲಿ ಸ್ಕೌಟ್ ದಳದ ಬಾಗಿಲನ್ನು ಹುಡುಗಿಯರಿಗೂ ತೆರೆಯತಕ್ಕದ್ದು.

ಇದು ಹೊಸಗಾಲದ ಹುಚ್ಚೆಂದು ಹುಬ್ಬು ಗಂಟಿಕ್ಕುವವರು ಈ ಚಳವಳಿಯ ಹುಟ್ಟನ್ನು ನೆನೆಯಬೇಕು. ಬೇಡನ್ ಪವೆಲರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರವನ್ನು ನಡೆಸಿದರು; 1908ರಲ್ಲಿ ಹುಡುಗರಿಗಾಗಿ ಪುಸ್ತಕ ಬರೆದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಬಾಲಚರರ ಮಹಾಮೇಳ ನೆರೆದಾಗ, ಯಾರೂ ಕರೆಯದಿದ್ದರೂ ಹುಡುಗಿಯರ ಗುಂಪೊಂದು ಬಂದು ತಾವೂ ಸ್ಕೌಟರೆಂದು ನಿಂತಿತು. ಅವರಿಗಾಗಿ 1910ರಲ್ಲಿ ಗೈಡ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿದರು. ಅದರ ಹೊಣೆ ಪವೆಲರ ಸೋದರಿ ಆಗ್ನೆಸರದಾಯಿತು. ಅಂದರೆ ಹುಡುಗಿಯರು ಮೊದಲು ಕೇಳಿದ್ದು ಬೇರೆಯ ಮನೆಯನ್ನಲ್ಲ, ಇದ್ದ ಮನೆಯಲ್ಲೇ ಇಂಬನ್ನು.

ನಮ್ಮ ದೇಶದ ಕಥೆ ಇನ್ನೂ ಬೋಧಪ್ರದವಾದುದು. ಹಿಂದೂಸ್ಥಾನದ ಮೊದಲ ಸ್ಕೌಟ್ ದಳವು 1909ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. 1911ರಲ್ಲಿ ಜಬಲಪುರದಲ್ಲಿ ಗೈಡ್ ದಳ ಹುಟ್ಟಿತು. ಆದರೆ ಮೊದಮೊದಲು ಅವು ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮೀಸಲು. ಭಾರತೀಯ ಹುಡುಗರು ಸೇರಕೂಡದು. ಅವರಿಗೆ ಈ ಶಿಕ್ಷಣ ಕೊಟ್ಟರೆ ಕ್ರಾಂತಿಕಾರರಾದಾರೆಂಬ ಭಯ ಆಳುವವರಿಗೆ. ಆ ಬೇಲಿಯನ್ನು ಮುರಿದವರು ಯಾರು? 1916ರಲ್ಲಿ ಮದರಾಸಿನಲ್ಲಿ ಭಾರತೀಯ ಹುಡುಗರಿಗಾಗಿ ಬಾಲಚರ ಸಂಸ್ಥೆಯನ್ನು ಕಟ್ಟಿದವರು ಆನಿ ಬೆಸೆಂಟರು, ಒಬ್ಬ ಹೆಂಗಸು! ದೊಡ್ಡಬಳ್ಳಾಪುರದಲ್ಲಿರುವ ನಮ್ಮ ರಾಜ್ಯದ ಸ್ಕೌಟ್ ತರಬೇತಿ ಕೇಂದ್ರವು ಆ ತಾಯಿಯ ಹೆಸರನ್ನೇ ಹೊತ್ತಿದೆ. ನಮ್ಮ ಹುಡುಗರಿಗೆ ಬಾಗಿಲು ತೆರೆದುಕೊಟ್ಟದ್ದು ಹೆಣ್ಣಿನ ಕೈ. ಆ ಬಾಗಿಲೊಳಗೆ ಹೋದ ನಾವು ಹೆಣ್ಣುಮಕ್ಕಳ ಎದುರಿಗೆ ಅದನ್ನು ಮುಚ್ಚುವುದು ಯಾವ ನ್ಯಾಯ?

ಕನ್ನಡಿಗರ ಸ್ವಂತ ಪರಂಪರೆಯನ್ನಾದರೂ ನೋಡೋಣ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ಥಾನೀ ಸೇವಾದಳವನ್ನು ಸ್ಥಾಪಿಸಿದಾಗ ಕವಾಯತು, ಶಿಸ್ತು, ಸೇವೆಗಳು ಗಂಡಸಿನ ಸೊತ್ತೆಂದು ಅವರು ಬಗೆಯಲಿಲ್ಲ. ಮಹಿಳಾ ವಿಭಾಗದ ಹೊಣೆಯನ್ನು ಹೊತ್ತವರು ಉಮಾಬಾಯಿ ಕುಂದಾಪುರ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ನೂರಕ್ಕೂ ಹೆಚ್ಚು ಸ್ವಯಂಸೇವಿಕೆಯರನ್ನು ಅವರು ಕೂಡಿಸಿ ತಂದರು. ಅವರಲ್ಲಿ ಎಷ್ಟು ಜನರು ಅದಕ್ಕೆ ಮುಂಚೆ ಮನೆಯ ಹೊಸ್ತಿಲನ್ನು ಒಂಟಿಯಾಗಿ ದಾಟಿದ್ದರು? ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಇದೇ ದಳದಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿ ಸೇವಿಕೆಯರನ್ನಾಗಿ ತರಬೇತುಗೊಳಿಸಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ತಾವೇ ಮುಂದೆ ನಿಂತರು. ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ನೆರೆದುದು ಆ 1924ರ ಬೆಳಗಾವಿಯಲ್ಲಿಯೇ ಎಂಬುದನ್ನು ನಮ್ಮ ವಾಚಕರಿಗೆ ನೆನಪಿಸಬೇಕಾಗಿಲ್ಲ. ಒಂದೇ ಊರು, ಒಂದೇ ಕಾಲ. ನಾಡು ಒಂದಾಗಬೇಕೆಂಬ ಮಾತೂ ಹೆಣ್ಣುಮಕ್ಕಳ ದಳದ ನಡಿಗೆಯೂ ಕೂಡಿಯೇ ಹೊರಟವು.

ಸ್ವಾತಂತ್ರ್ಯಾನಂತರ 1950ರ ನವೆಂಬರ 7ರಂದು ದೇಶದ ಬಾಲಚರ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದುವು. 1951ರ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಬಂದು ಸೇರಿತು. ಬೇರೆ ಎಷ್ಟೋ ದೇಶಗಳಲ್ಲಿ ಎರಡು ಸಂಸ್ಥೆಗಳು ಇಂದಿಗೂ ಬೇರೆಬೇರೆಯಾಗಿಯೇ ಇವೆ. ನಾವು ಮಾತ್ರ ಅಂದೇ ಒಂದು ಸೂರಿನಡಿ ಬಂದೆವು. ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ಸೂರು ಒಂದಾದರೂ ಬಾಗಿಲುಗಳು ಎರಡಾಗಿಯೇ ಉಳಿದುವು. ಹುಡುಗರಿಗೆ ಕಬ್, ಸ್ಕೌಟ್, ರೋವರ್. ಹುಡುಗಿಯರಿಗೆ ಬುಲ್‌ಬುಲ್, ಗೈಡ್, ರೇಂಜರ್. ಪಟ್ಟಣದ ದೊಡ್ಡ ಶಾಲೆಯಲ್ಲಿ ಎರಡು ಬಾಗಿಲುಗಳೂ ತೆರೆದಿರಬಹುದು. ತರಬೇತಾದವರು ಒಬ್ಬರೇ ಇರುವ ಹಳ್ಳಿಯ ಶಾಲೆಯಲ್ಲಿ ಒಂದು ಬಾಗಿಲೇ ತೆರೆಯುವುದು; ಅದು ಹುಡುಗರ ಬಾಗಿಲಾದರೆ ಹುಡುಗಿಯರ ಪಾಲಿಗೆ ಉಳಿಯುವುದು ಆರತಿಯ ತಟ್ಟೆ.

ಕನ್ನಡಿಗರಾದ ನಮಗೆ ಈ ಸ್ಥಿತಿಯು ಅಪರಿಚಿತವೆ? 1956ರ ನವೆಂಬರ 1ಕ್ಕೆ ಮುಂಚೆ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರಿಗೆ, “ನಿಮಗೆ ಅಲ್ಲಲ್ಲಿ ಸೌಕರ್ಯ ಉಂಟಲ್ಲ, ಕೂಡಬೇಕೇಕೆ?” ಎಂದು ಬುದ್ಧಿ ಹೇಳಿದವರಿದ್ದರು. ಹೆಸರಿಗೆ ಸೌಕರ್ಯವಿದ್ದು ಕೈಗೆ ಸಿಕ್ಕದಿರುವುದು ಎಂಥದೆಂದು ನಮ್ಮ ಹಿರಿಯರು ಅನುಭವಿಸಿ ತಿಳಿದರು. ಅದೇ ಮಾತನ್ನು ನಾವು ಇಂದು ನಮ್ಮ ಮಕ್ಕಳಿಗೆ ಹೇಳುವುದು ಸಲ್ಲದು.

ಇನ್ನು ಆಕ್ಷೇಪಗಳ ವಿಚಾರ. ಕಾನೂನಿನ ವೃತ್ತಿಯವರಾದ ನಾವು ಎದುರು ಪಕ್ಷದ ವಾದವನ್ನು ಕೇಳದೆ ತೀರ್ಪು ಬೇಡಲಾರೆವು.

ಮೊದಲನೆಯದು, ಹೆತ್ತವರ ಭಯ. ಶಿಬಿರವೆಂದರೆ ರಾತ್ರಿ ಹೊರಗೆ ತಂಗಬೇಕು, ಕಾಲ ಕೆಟ್ಟಿದೆ, ಮಗಳನ್ನು ಯಾರ ಭರವಸೆಯ ಮೇಲೆ ಕಳುಹುವುದು? ಈ ಭಯವನ್ನು ನಾವು ಹೀಗಳೆಯುವುದಿಲ್ಲ. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಪೋಕ್ಸೋ ಎಂಬ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಗಿ ಬಂದ ದೇಶ ನಮ್ಮದು. ಆದರೆ ಆ ಶಾಸನವು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಅನ್ವಯಿಸುವುದೆಂಬುದನ್ನು ಮರೆಯಬಾರದು. ಹೆಂಗಸಿನ ಮೇಲ್ವಿಚಾರಣೆ, ಬೇರೆ ಬೇರೆ ಮಲಗುವ ಏರ್ಪಾಡು, ಯಾವ ಮಗುವೂ ಒಬ್ಬನೇ ದೊಡ್ಡವನೊಡನೆ ಏಕಾಂತದಲ್ಲಿರಬಾರದೆಂಬ ನಿಯಮ, ಇವು ಹುಡುಗಿಯರು ಬಂದಾಗ ಮಾತ್ರ ಬೇಕಾದವಲ್ಲ. ಹುಡುಗರಷ್ಟೇ ಇದ್ದಾಗಲೂ ಬಹುಪಾಲು ಬೇಕಾದವು. ಭಯವು ಕಾವಲನ್ನು ಬಿಗಿಗೊಳಿಸುವುದಕ್ಕೆ ಕಾರಣವಾಗಲಿ. ಬಾಗಿಲು ಮುಚ್ಚುವುದಕ್ಕೆ ಆಗದಿರಲಿ.

ಎರಡನೆಯದು ಗೈಡ್ ಚಳವಳಿಯಲ್ಲಿಯೇ ದುಡಿದ ಸೋದರಿಯರದು. ಇದು ನಮಗೆ ಹೆಚ್ಚು ತೂಕದ್ದಾಗಿ ತೋರುತ್ತದೆ. ಕೂಡಿದ ದಳದಲ್ಲಿ ನಾಯಕನು ಹುಡುಗನೇ ಆಗುವನು. ಹುಡುಗಿಯರು ಅಲ್ಲಿಯೂ ಅಡಿಗೆಯ ಒಲೆಯ ಮುಂದೆಯೇ ಕೂರುವರು. ತಮ್ಮದೇ ದಳದಲ್ಲಿ ಇದ್ದ ಮುಂದಾಳುತನವೂ ಹೋದೀತು ಎಂದು ಅವರ ಶಂಕೆ. ಅಮೆರಿಕೆಯಲ್ಲಿ ಇದೇ ವಿಷಯಕ್ಕೆ ವ್ಯಾಜ್ಯವೇ ನಡೆಯಿತು. 1910ರಿಂದ ಹುಡುಗರಿಗೆ ಮೀಸಲಾಗಿದ್ದ ಅಲ್ಲಿಯ ಬಾಯ್ ಸ್ಕೌಟ್ಸ್ ಸಂಸ್ಥೆಯು 2018ರಲ್ಲಿ ಚಿಕ್ಕ ಹುಡುಗಿಯರನ್ನೂ 2019ರಲ್ಲಿ ದೊಡ್ಡವರನ್ನೂ ಸೇರಿಸಿಕೊಂಡಾಗ, ಗರ್ಲ್ ಸ್ಕೌಟ್ಸ್ ಸಂಸ್ಥೆಯವರು ಹೆಸರಿನ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ತೀರ್ಪು ಅವರಿಗೆ ವಿರುದ್ಧವಾಯಿತು. 2025ರ ಫೆಬ್ರವರಿಯಲ್ಲಿ ಆ ಸಂಸ್ಥೆಯು ತನ್ನ ಹೆಸರಿನಿಂದ ‘ಬಾಯ್’ ಎಂಬ ಮಾತನ್ನೇ ತೆಗೆದು ಸ್ಕೌಟಿಂಗ್ ಅಮೆರಿಕ ಎಂದು ಕರೆದುಕೊಂಡಿತು. ಇಂಗ್ಲೆಂಡಿನವರು ಇನ್ನೂ ನಿಧಾನವಾಗಿ ನಡೆದರು. 1976ರಲ್ಲಿ ಹಿರಿಯರ ವಿಭಾಗಕ್ಕೆ ಮಾತ್ರ ಹುಡುಗಿಯರನ್ನು ಸೇರಿಸಿ, 1991ರಲ್ಲಿ ಎಲ್ಲ ವಿಭಾಗಗಳನ್ನೂ ಇಷ್ಟವಿದ್ದವರು ತೆರೆಯಬಹುದೆಂದು ಹೇಳಿ, 2007ರಲ್ಲಿ ಎಲ್ಲ ದಳಗಳೂ ತೆರೆಯಲೇಬೇಕೆಂದು ವಿಧಿಸಿದರು. ನಮ್ಮಲ್ಲಿ ಸಂಸ್ಥೆಯು 1951ರಿಂದಲೇ ಒಂದಾಗಿರುವುದರಿಂದ ವ್ಯಾಜ್ಯಕ್ಕೆ ಎಡೆಯೇ ಇಲ್ಲ. ನಡೆಯುತ್ತಿರುವ ಒಂದು ಗೈಡ್ ದಳವನ್ನಾದರೂ ಮುಚ್ಚಿರೆಂದು ನಾವು ಹೇಳುವುದಿಲ್ಲ. ಏನೂ ಇಲ್ಲದ ಕಡೆಯ ಮಾತು ನಮ್ಮದು. ಇಲ್ಲದ ಮುಂದಾಳುತನವನ್ನು ಕಳೆದುಕೊಳ್ಳುವ ಭಯ ಯಾರಿಗೂ ಬೇಡ.

ಮೂರನೆಯದು, ಹೆಣ್ಣುಮಕ್ಕಳಿಗೆ ಇದರಿಂದೇನು ಪ್ರಯೋಜನವೆಂಬ ಹಳೆಯ ರಾಗ. ಮದ್ದೂರಿನ ಹೆದ್ದಾರಿಯೇ ಇದಕ್ಕೆ ಉತ್ತರ ಹೇಳಬಲ್ಲುದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಜರಿದು ಇನ್ನೂರಕ್ಕೂ ಹೆಚ್ಚು ಜನರು ಮಡಿದರು. ನಮ್ಮ ಚಾಮರಾಜನಗರ ಜಿಲ್ಲೆಯಿಂದ ಹೋಗಿ ಅಲ್ಲಿ ನೆಲಸಿದ್ದವರೂ ಆ ಮಣ್ಣಿನಲ್ಲಿ ಸೇರಿಹೋದರು. ಸೇತುವೆ ಕೊಚ್ಚಿಹೋಗಿ ಆಚೆಯ ದಡದವರಿಗೆ ನೆರವು ಮುಟ್ಟದಾದಾಗ, ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ ಉಕ್ಕಿನ ಸೇತುವೆಯನ್ನು ಹಗಲಿರುಳು ದುಡಿದು ಆಗಸ್ಟ್ 1ರ ಹೊತ್ತಿಗೆ ಕಟ್ಟಿ ಮುಗಿಸಿದರು. ಆ ಕೆಲಸದ ಮುಂದೆ ನಿಂತವರಲ್ಲಿ ಮೇಜರ್ ಸೀತಾ ಶೆಲ್ಕೆ ಒಬ್ಬರು. ಹಗ್ಗ, ಗಂಟು, ಸೇತುವೆ, ಗಾಯಾಳುವಿಗೆ ಮೊದಲ ಶುಶ್ರೂಷೆ, ಇವೆಲ್ಲ ಬಾಲಚರ ಶಿಕ್ಷಣದ ಮೊದಲ ಪಾಠಗಳಲ್ಲವೆ? 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ನೀರೆರೆಯಬೇಕಾಗಿ ಬಂದುದನ್ನು ಈ ಸೀಮೆಯ ಜನರು ಮರೆತಿಲ್ಲ. ಬೆಂಕಿಯಾಗಲಿ ನೆರೆಯಾಗಲಿ ಗಂಡು ಹೆಣ್ಣೆಂದು ನೋಡಿ ಬರುವುದಿಲ್ಲ. ಆಪತ್ತು ಬಂದ ಹೊತ್ತಿನಲ್ಲಿ ಮನೆಯಲ್ಲಿರುವವಳು ಬಹುಶಃ ಹೆಂಗಸೇ. ಅವಳನ್ನು ಸಿದ್ಧಳನ್ನಾಗಿ ಮಾಡದೆ ಊರನ್ನು ಸಿದ್ಧಮಾಡಿದೆವೆಂದು ಹೇಳಿಕೊಳ್ಳುವುದು ಆತ್ಮವಂಚನೆ.

ದೇಶವು ಇದನ್ನು ಒಪ್ಪಿ ಆಗಿದೆ. 2021ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಹೆಣ್ಣುಮಕ್ಕಳೂ ಕೂರಬಹುದೆಂದು ಮಧ್ಯಂತರ ಆಜ್ಞೆ ಮಾಡಿತು. 2022ರಲ್ಲಿ ಅವರು ಒಳಗೆ ಹೋದರು. 2025ರ ಮೇ ತಿಂಗಳಲ್ಲಿ ಹದಿನೇಳು ಮಂದಿ ಶಿಕ್ಷಣ ಮುಗಿಸಿ ಹೊರಬಂದರು. ಖಡಕವಾಸಲೆಯ ಆ ಮೈದಾನದಲ್ಲಿ ಕೂಡಿ ನಡೆಯಬಹುದಾದವರು ಹಳ್ಳಿಯ ಶಾಲೆಯ ಅಂಗಳದಲ್ಲಿ ಕೂಡಿ ನಡೆಯಬಾರದೆ? ನಮ್ಮ ಸಂವಿಧಾನದ 15ನೆಯ ವಿಧಿಯು ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಸೌಕರ್ಯ ಮಾಡಿಕೊಡಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ವಿಶೇಷವೆಂಬುದು ಕೊಡುವುದಕ್ಕೆ ದಾರಿಯೇ ಹೊರತು ಕೊಡದಿರುವುದಕ್ಕೆ ನೆಪವಲ್ಲ.

ಆದಕಾರಣ ನಮ್ಮ ಸೂಚನೆಗಳು ಇವು. ಗೈಡ್ ದಳ ನಡೆಯುತ್ತಿರುವ ಕಡೆ ಅದು ಹಾಗೆಯೇ ನಡೆಯಲಿ. ಅದಿಲ್ಲದ ಶಾಲೆಯಲ್ಲಿ ಇಷ್ಟಪಟ್ಟ ಹುಡುಗಿಯರನ್ನು ಸ್ಕೌಟ್ ದಳಕ್ಕೆ ಸೇರಿಸಿಕೊಳ್ಳಲಿ. ಆರೆಂಟು ಮಂದಿಯ ಒಂದು ಪೆಟ್ರೋಲ್ ಅವರದೇ ಇರಲಿ. ಅದಕ್ಕೆ ಅವರಲ್ಲೊಬ್ಬಳೇ ನಾಯಕಿಯಾಗಲಿ. ಗೈಡ್ ಸೋದರಿಯರ ಶಂಕೆಗೆ ಇದೇ ಪರಿಹಾರ. ಅಡಿಗೆಯ ಸರದಿಯೂ ಧ್ವಜದ ಸರದಿಯೂ ಎಲ್ಲರಿಗೂ ಸಮನಾಗಿ ಬರಲಿ. ಹೆಂಗಸೊಬ್ಬರು ಜೊತೆಗಿಲ್ಲದೆ ಶಿಬಿರವಾಗಲಿ ಪ್ರವಾಸವಾಗಲಿ ಕೂಡದು. ಉಪಾಧ್ಯಾಯಿನಿ ಇಲ್ಲದಿದ್ದರೆ ಊರಿನ ಅಂಗನವಾಡಿ ಕಾರ್ಯಕರ್ತೆಯಿದ್ದಾರೆ, ಆಶಾ ಕಾರ್ಯಕರ್ತೆಯಿದ್ದಾರೆ, ತಾಯಂದಿರಿದ್ದಾರೆ. ಮತ್ತು ಪ್ರತಿಯೊಂದು ಶಾಲೆಯೂ ಒಬ್ಬ ಉಪಾಧ್ಯಾಯಿನಿಯನ್ನಾದರೂ ತರಬೇತಿಗೆ ಕಳುಹಲಿ. ಅವರು ಬಂದ ಮೇಲೆ ಹುಡುಗಿಯರು ಬೇರೆಯೇ ದಳ ಬೇಕೆಂದರೆ ಸಂತೋಷದಿಂದ ಕಟ್ಟಿಕೊಡಲಿ. ಆಯ್ಕೆಯು ಅವರದಾಗಿರಲಿ.

ಗುಂಡ್ಲುಪೇಟೆಯ ಮತದಾರರಿಗೆ ಹೆಣ್ಣಿನ ಮುಂದಾಳುತನವನ್ನು ಕುರಿತು ಉಪದೇಶ ಮಾಡಬೇಕಾದುದಿಲ್ಲ. ಏಕೀಕರಣವಾದ ಮರುವರ್ಷವೇ, 1957ರಲ್ಲಿ, ಅವರು ಕೆ. ಎಸ್. ನಾಗರತ್ನಮ್ಮನವರನ್ನು ಶಾಸನಸಭೆಗೆ ಆರಿಸಿ ಕಳುಹಿದರು. 1972ರಲ್ಲಿ ಅವರು ಆ ಸಭೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಡೀ ನಾಡಿನ ಗಂಡಸರು ಎದ್ದು ನಿಂತು ಅವರ ಅಪ್ಪಣೆ ಪಡೆದು ಮಾತನಾಡಿದರು. ಆ ತಾಲ್ಲೂಕಿನಲ್ಲಿ ಹುಡುಗಿಯೊಬ್ಬಳು ಎಂಟು ಮಕ್ಕಳ ಪೆಟ್ರೋಲಿಗೆ ನಾಯಕಿಯಾಗಲು ಯಾರ ಅಪ್ಪಣೆಗೆ ಕಾಯಬೇಕು?

ಉಪಾಧ್ಯಾಯ ಮಹನೀಯರೇ, ಮುಂದಿನ ಧ್ವಜವಂದನೆಗೆ ನಾವು ಮತ್ತೆ ಅದೇ ಶಾಲೆಗೆ ಹೋಗುವೆವು. ಕರು ಕಟ್ಟಿ ಗಂಟು ಕಲಿತ ಆ ಹುಡುಗಿಯ ಕೈಯಲ್ಲಿ ಧ್ವಜದ ಹಗ್ಗವಿರುವುದನ್ನು ನೋಡುವ ಆಸೆ ನಮ್ಮದು. ಗಂಟನ್ನು ಅವಳು ಮೊದಲೇ ಬಲ್ಲಳು. ಹಗ್ಗವನ್ನು ಅವಳ ಕೈಗೆ ಕೊಡುವ ಕೆಲಸ ನಿಮ್ಮದು.