ಸಾಕ್ಷ್ಯಚಿತ್ರವೂ ತಾಲ್ಲೂಕು ಆಸ್ಪತ್ರೆಯೂ

ಅನ್ಯದೇಶಗಳ ಸಮಾಜವ್ಯವಸ್ಥೆಯನ್ನು ಗ್ರಂಥಗಳಿಂದ ಅರಿಯುತ್ತಿದ್ದ ಕಾಲವು ಹೋಗಿ, ಸಾಕ್ಷ್ಯಚಿತ್ರಗಳಿಂದ ಅರಿಯುವ ಕಾಲವು ಬಂದಿರುವುದು. ಸೊರಬ ತಾಲ್ಲೂಕಿನ ಹೊಸಬಾಳೆಯಂತಹ ಗ್ರಾಮದಲ್ಲಿಯೂ ಇಂದು ಅಮೇರಿಕದ ಆಸ್ಪತ್ರೆಯನ್ನೂ ಫ್ರಾನ್ಸಿನ ಶಾಲೆಯನ್ನೂ ಕುಳಿತಲ್ಲಿಯೇ ಕಾಣಬಹುದು. ಇದು ಲಾಭವೇ ಸರಿ. ಆದರೆ ಕಂಡುದರಿಂದ ವಿದ್ಯಾವಂತರು ತೆಗೆಯುತ್ತಿರುವ ಸಿದ್ಧಾಂತಗಳು ಪರೀಕ್ಷೆಗೆ ನಿಲ್ಲತಕ್ಕವುಗಳಲ್ಲ.

ಮೈಕೇಲ್ ಮೂರ್ ಎಂಬ ಅಮೇರಿಕದ ನಿರ್ದೇಶಕನ 'ಸಿಕೋ' (2007) ಎಂಬ ಚಿತ್ರವನ್ನು ತೆಗೆದುಕೊಳ್ಳಬಹುದು. ವಿಮೆಯಿಲ್ಲದ ಒಬ್ಬನು ಗರಗಸಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ನಡುಬೆರಳಿಗೆ 60,000 ಡಾಲರು, ಉಂಗುರದ ಬೆರಳಿಗೆ 12,000 ಡಾಲರು ಎಂಬ ಲೆಕ್ಕವನ್ನು ಕೇಳಿ ಅಗ್ಗದ ಬೆರಳೊಂದನ್ನೇ ಉಳಿಸಿಕೊಂಡನು. ಇಂಗ್ಲೆಂಡಿನ ಆಸ್ಪತ್ರೆಯಲ್ಲಾದರೋ ಹಣದ ಕಿಂಡಿಯಿರುವುದು ರೋಗಿಯಿಂದ ಪಡೆಯುವುದಕ್ಕಲ್ಲ, ಬಡವನಿಗೆ ದಾರಿಖರ್ಚನ್ನು ಕೊಡುವುದಕ್ಕೆ. ಇದನ್ನು ನೋಡಿದವರಲ್ಲಿ ಎರಡು ಪಕ್ಷಗಳಾಗಿವೆ. ಯೂರೋಪು ಸ್ವರ್ಗ, ಅಮೇರಿಕ ನರಕ ಎಂಬುದು ಒಂದು. ಅವರಿಗೆ ಕುಟುಂಬವಿಲ್ಲದುದರಿಂದ ಸರ್ಕಾರ ಬೇಕಾಯಿತು, ಈ ನಾಡಿನವರಿಗೆ ಅವಿಭಕ್ತ ಕುಟುಂಬವೇ ವಿಮೆ ಎಂಬುದು ಇನ್ನೊಂದು. ಎರಡೂ ಆತ್ಮವಂಚನೆಗಳು.

ಮೊದಲನೆಯವರು ಗಮನಿಸಬೇಕಾದುದಿಷ್ಟು. ತಾನು ಹೂವನ್ನಾಯಲು ಬಂದವನೇ ಹೊರತು ಕಳೆಯನ್ನಲ್ಲವೆಂದು 2015ರ ಚಿತ್ರದಲ್ಲಿ ಆ ನಿರ್ದೇಶಕನೇ ಒಪ್ಪಿಕೊಂಡಿರುವನು. ಆ ಹೂವೂ ತಾನಾಗಿ ಅರಳಿದುದಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗೆ ರೋಗವಿಮೆಯನ್ನು ತಂದುದು ಕೇವಲ ಕರುಣೆಯಿಂದಲ್ಲ, ಸಮಾಜವಾದಿಗಳ ಭಯದಿಂದಲೂ ಹೌದು. ಇಂಗ್ಲೆಂಡಿಗೆ ಸಾರ್ವಜನಿಕ ವೈದ್ಯವು ದೊರೆತುದು ಎರಡು ಮಹಾಯುದ್ಧಗಳನ್ನು ಅನುಭವಿಸಿದ ಮೇಲೆ, 1948ರಲ್ಲಿ. ಅದರ ಬೆಲೆ ತೆರಿಗೆ. ಫ್ರಾನ್ಸಿನಲ್ಲಿ ದೇಶದ ಉತ್ಪನ್ನದ ಶೇಕಡಾ 40ಕ್ಕೂ ಮಿಕ್ಕಿದ ಭಾಗವು ತೆರಿಗೆಯಾಗಿ ಸಲ್ಲುವುದು. ಅಮೇರಿಕದಲ್ಲಿ 30ಕ್ಕಿಂತಲೂ ಕಡಿಮೆ. ಆದರೆ ಅದೇ ಅಮೇರಿಕವು ವೈದ್ಯಕ್ಕಾಗಿ ಉತ್ಪನ್ನದ ಸುಮಾರು 17 ಪಾಲನ್ನು ವ್ಯಯಮಾಡುವುದು. ಯೂರೋಪಿನ ಯಾವ ದೇಶವೂ ಅಷ್ಟು ಮಾಡದು. ತೆರಿಗೆಯಲ್ಲಿ ಉಳಿಸಿದುದನ್ನು ಆಸ್ಪತ್ರೆಯ ಬಿಲ್ಲಿನಲ್ಲಿ ತೆತ್ತಂತಾಯಿತು. ಹೀಗಿರಲು, ಹಗಲಿನಲ್ಲಿ ಬಿಲ್ಲಿಲ್ಲದೆ ಅಡಕೆಯನ್ನು ಮಾರಿ ರಾತ್ರಿ ಫ್ರಾನ್ಸಿನ ಉಚಿತ ವೈದ್ಯವನ್ನು ಕೊಂಡಾಡುವವನ ಮೆಚ್ಚಿಕೆಗೆ ಅರ್ಥವೇನು?

ಎರಡನೆಯವರಿಗೆ ಉತ್ತರವು ಸೊರಬದ ಕಾಡಿನಲ್ಲಿಯೇ ಇದೆ. ಕ್ಯಾಸನೂರಿನ ಅರಣ್ಯದಲ್ಲಿ ಮಂಗಗಳು ಸತ್ತು ಬಿದ್ದು, ಜನರು ಜ್ವರದಿಂದ ಮಡಿದಾಗ, 1957ರಲ್ಲಿ ಅದರ ವೈರಾಣುವನ್ನು ಕಂಡುಹಿಡಿದವರು ಪುಣೆಯ ಸಂಶೋಧನಕೇಂದ್ರದ ವಿಜ್ಞಾನಿಗಳು. ಆ ಕೇಂದ್ರಕ್ಕೆ ನೆರವಾಗಿದ್ದುದು ಅಮೇರಿಕದ ರಾಕ್‌ಫೆಲರ್ ಪ್ರತಿಷ್ಠಾನ. ನರಕವೆಂದು ಜರೆಯಲ್ಪಡುವ ದೇಶದ ಖಾಸಗಿ ದಾನವೂ, ದೇಶದ ಸಾರ್ವಜನಿಕ ವಿಜ್ಞಾನವೂ ಕೂಡಿ ಮಾಡಿದ ಈ ಕೆಲಸವನ್ನು ಯಾವ ಕುಟುಂಬ ಮಾಡಬಲ್ಲುದಾಗಿತ್ತು? ಉಣುಗು ಕಚ್ಚುವುದು ಹೆಚ್ಚಾಗಿ ಯಾರನ್ನು? ಸೌದೆಗೂ, ತೋಟದ ಸೊಪ್ಪುದರಗಿಗೂ ಕಾಡಿಗೆ ಹೋಗುವ ಕೂಲಿಯವರನ್ನು. ಅವಿಭಕ್ತ ಕುಟುಂಬವೆಂಬ ವಿಮೆಯೊಳಗೆ ಆ ಕೂಲಿಯವರು ಎಂದಾದರೂ ಸೇರಿದ್ದುಂಟೆ? ಮನೆಯ ಮಕ್ಕಳೇ ಬೆಂಗಳೂರಿಗೂ ಕ್ಯಾಲಿಫೋರ್ನಿಯಕ್ಕೂ ಹೋದ ಮೇಲೆ, ಉಳಿದ ವೃದ್ಧರಿಗಾದರೂ ಆ ವಿಮೆ ಎಲ್ಲಿಯದು?

ಕಾಡಿನ ಜನರಿಗೆ ದಶಕಗಳ ಕಾಲ ಹಾಕಿದ ಲಸಿಕೆಯನ್ನು, ಅದರ ಶಕ್ತಿ ಕುಂದಿತೆಂದು, ಇತ್ತೀಚೆಗೆ ನಿಲ್ಲಿಸಲಾಯಿತು. ಬಡವರ ರೋಗಕ್ಕೆ ಮಾರುಕಟ್ಟೆಯು ತಾನಾಗಿ ಮದ್ದನ್ನು ತಾರದು. ಅದನ್ನು ತರಿಸುವುದು ಸಾರ್ವಜನಿಕರ ಒತ್ತಾಯವೊಂದೇ.

ಈ ನಾಡಿಗೆ ದಾರಿ ತಿಳಿಯದೆಯೂ ಇಲ್ಲ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ರೈತನು ಮೊದಲಿಗೆ ತಿಂಗಳಿಗೆ 5 ರೂಪಾಯಿಯಂತೆ ಕೊಟ್ಟು ಶಸ್ತ್ರಚಿಕಿತ್ಸೆಯ ಹಕ್ಕನ್ನು ಪಡೆದನು. ಅದು 2018ರಲ್ಲಿ ನಿಂತಿತು, 2023ರಲ್ಲಿ ಮರಳಿ ಬಂದಿತು. ನಿಂತಾಗ ಸಾಕ್ಷ್ಯಚಿತ್ರಪ್ರಿಯರಲ್ಲಿ ಎಷ್ಟು ಮಂದಿ ದನಿಯೆತ್ತಿದರು?

ಯೂರೋಪು ಮೇಲೋ ಅಮೇರಿಕ ಮೇಲೋ ಎಂಬ ವಾದದಿಂದ ಮಲೆನಾಡಿನ ಒಬ್ಬ ರೋಗಿಯೂ ಗುಣವಾಗನು. ಪರದೆಯ ಮೇಲೆ ಕಂಡ ನ್ಯಾಯವನ್ನು ಮೆಚ್ಚಿದವರು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿರುವರೆ, ಔಷಧಿಯಿರುವುದೆ, ಕೂಲಿಯವನಿಗೆ ಹಾಸಿಗೆ ದೊರೆಯುವುದೆ ಎಂಬುದನ್ನು ವಿಚಾರಿಸಲಿ. ತೆರತಕ್ಕ ತೆರಿಗೆಯನ್ನು ತೆತ್ತು, ಅದರ ಲೆಕ್ಕವನ್ನು ಸರ್ಕಾರದಿಂದ ಕೇಳಲಿ.