ಒಂದೇ ರಕ್ತಕ್ಕೆ ಎರಡು ಅಂಕಿ



ನಮ್ಮ ಅಡುಗೆ ಭಟ್ಟರೊಬ್ಬರು ಕಾಲುನೋವೆಂದು ಒಂದೇ ವಾರದಲ್ಲಿ ಎರಡು ಕಡೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿದರು. ಒಂದು ಚೀಟಿಯಲ್ಲಿ 17, ಇನ್ನೊಂದರಲ್ಲಿ 24. “ಯಾವುದನ್ನು ನಂಬುವುದು ಮಾರಾಯ್ರೆ?” ಎಂದು ಎರಡನ್ನೂ ನನ್ನ ಮೇಜಿನ ಮೇಲಿಟ್ಟರು. 20ರ ಕೆಳಗಾದರೆ ಕೊರತೆಯೆಂದು ಅನೇಕ ವೈದ್ಯರ ಲೆಕ್ಕ. ಹಾಗಾದರೆ ಭಟ್ಟರು ರೋಗಿಯೋ, ಅಲ್ಲವೋ? ಎರಡು ಸಲವೂ ಹಣ ಹೋದದ್ದು ಅವರ ಪಗಾರದಿಂದಲೇ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ಪರಿಚಯದ ವೈದ್ಯರನ್ನು ಕಾಡಿ ಕೇಳಿದೆ. ಬಹಳಷ್ಟು ಕಡೆ ಈ ಪರೀಕ್ಷೆ ನಡೆಯುವುದು ಪ್ರತಿಕಾಯಗಳ ಮೂಲಕವಂತೆ. ಪಂಕ್ತಿಯಲ್ಲಿ ಎಲೆ ಎಣಿಸಿ ಹಾಕಿದೆ ಎನ್ನಿ. ಬಿಲ್ಲೆ ಕಟ್ಟಿದ ನಮ್ಮ ಜನರನ್ನು ಲೆಕ್ಕವಿಟ್ಟು ಗಿರಾಕಿಗಳ ಜೊತೆ ಒಳಗೆ ಬಿಟ್ಟರೆ, ಬಿಲ್ಲೆಯವರಿಗೆ ಎಲೆ ಕಡಿಮೆ ಸಿಕ್ಕಷ್ಟೂ ಗಿರಾಕಿ ಹೆಚ್ಚು. ಎಲೆಯೆಂದರೆ ಪ್ರತಿಕಾಯ, ಗಿರಾಕಿಯೆಂದರೆ ರಕ್ತದ ವಿಟಮಿನ್.

ತೊಡಕಿರುವುದು ಎಲೆಯಲ್ಲೇ. ಈ ವಿಟಮಿನ್ ರಕ್ತದಲ್ಲಿ ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಪೂರ್ತಿ ಬಿಡಿಸದಿದ್ದರೆ ಅಂಕಿ ಕೆಳಗಿಳಿಯುತ್ತದೆ. ಡಿ2, ಡಿ3 ಎಂಬ ಎರಡು ಬಗೆಯಿದ್ದು, ಕೆಲವು ಪ್ರತಿಕಾಯಗಳು ಡಿ2ನ್ನು ಸರಿಯಾಗಿ ಹಿಡಿಯುವುದಿಲ್ಲ. ಕೆಲವು ಪಕ್ಕದ ದಾಯಾದಿ ವಸ್ತುವನ್ನೂ ಕೂರಿಸಿಕೊಂಡು ಅಂಕಿಯನ್ನು ಉಬ್ಬಿಸುತ್ತವೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಅಚ್ಚಿನ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ವಿಧಾನ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಅಂಥ ಪ್ರತಿಕಾಯಗಳಲ್ಲಿ ಎರಡೂ ಬಗೆಯನ್ನು ಸಮನಾಗಿ ಹಿಡಿಯುವುದನ್ನು ಆರಿಸಿ, ಅಣುಗಳನ್ನೇ ತೂಗುವ ದುಬಾರಿ ಯಂತ್ರದ ಅಂಕಿಯೊಡನೆ ತಾಳೆ ನೋಡಿದರೆ ಪರೀಕ್ಷೆ ನೆಟ್ಟಗಾಗುತ್ತದೆ. ಒಂದೇ ಮಾದರಿಯನ್ನು ಹಲವು ಪ್ರಯೋಗಾಲಯಗಳಿಗೆ ಕಳಿಸಿ ಅವುಗಳ ಉತ್ತರವನ್ನು ಹೋಲಿಸುವ ಡೀಕ್ವಾಸ್ ಎಂಬ ವ್ಯವಸ್ಥೆ ಲಂಡನ್ನಿನಲ್ಲಿ 1989ರಲ್ಲೇ ಶುರುವಾಗಿತ್ತು.

ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು, ನಮ್ಮ ರಕ್ತದ ತಕ್ಕಡಿಗೆ ಬೇಡವೇ? ಯಾವ ವಿಧಾನದಿಂದ ಅಳೆದರು, ಹೊರಗಿನ ತಪಾಸಣೆಗೆ ಒಳಪಟ್ಟಿದ್ದಾರೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಅಚ್ಚು ಹಾಕಿಸಬೇಕೆಂದು ನಾವು ಕೇಳಬೇಕು. ಅಲ್ಲಿಯವರೆಗೆ ಮರುಪರೀಕ್ಷೆಯನ್ನು ಮೊದಲಿನ ಕಡೆಯೇ ಮಾಡಿಸಿರಿ. ವೈದ್ಯರನ್ನು ಕೇಳದೆ ಚೀಟಿ ನೋಡಿಯೇ ಔಷಧಿ ನುಂಗಬೇಡಿರಿ. ಈ ವಿಟಮಿನ್ ಅತಿಯಾದರೂ ಕೆಡುಕೇ.

ಬೆಳಗಿನ ಐದಕ್ಕೆ ನೆಲಮಾಳಿಗೆಯ ಅಡುಗೆಮನೆಗೆ ಇಳಿದು ರಾತ್ರಿ ಮೇಲೆ ಬರುವವನ ಚರ್ಮಕ್ಕೆ ಬಿಸಿಲು ಎಲ್ಲಿಂದ ಸಿಗಬೇಕು, ಅದನ್ನು ಯಾವ ಚೀಟಿಯೂ ಬರೆಯುವುದಿಲ್ಲ. ಭಟ್ಟರ ಎರಡು ಚೀಟಿಗಳೂ ಸಂಘದ ಕಚೇರಿಯಲ್ಲಿವೆ. ನಿಮ್ಮಲ್ಲಿಯೂ ಅಂಥವು ಇದ್ದರೆ ಭಾನುವಾರ ತನ್ನಿರಿ.